ಗುಳ್ಳೆ ಒಣಗಿದರೂ ಉರಿ ಆರದಿದ್ದರೆ: ಸರ್ಪಸುತ್ತು ಮತ್ತು ನರದ ನೋವು

ಮಂಗಳೂರು, ಉಡುಪಿಯಲ್ಲಿ ಹೊಸ ಕಟ್ಟಡ ಏಳುವ ಜಾಗಗಳಲ್ಲಿ ಉತ್ತರ ಕರ್ನಾಟಕದ ಮಾತು ಕಿವಿಗೆ ಬೀಳದೇ ಇರುವುದಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಯುವ ವಯಸ್ಸಿನವರು ಗುಳೆ ಹೊರಟು ನಮ್ಮ ಕರಾವಳಿಗೂ ಬರುತ್ತಾರೆ. ಊರಿನಲ್ಲಿ ಉಳಿಯುವವರು ಹೆಚ್ಚಾಗಿ ವಯಸ್ಸಾದ ತಂದೆ ತಾಯಿ. ಒಂದು ರಾತ್ರಿ ಅಲ್ಲಿಂದ ಫೋನ್ ಬರುತ್ತದೆ ಎಂದುಕೊಳ್ಳಿ: "ಎಡಗಡೆ ಪಕ್ಕಡ್ಯಾಗ ಉರಿ ಎದ್ದೈತಪಾ, ಬೆಂಕಿ ಇಟ್ಟಂಗ ಆಗೇತಿ." ಮಗ ಏನು ಹೇಳಬೇಕು? "ಗ್ಯಾಸ್ ಇರಬೇಕು, ನಾಳೆ ನೋಡೋಣ" ಎಂದು ಹೇಳಿಬಿಡುವುದು ಸುಲಭ. ಆದರೆ ಈ ಕಾಯಿಲೆಯಲ್ಲಿ ನಾಳೆ, ನಾಡಿದ್ದು ಎಂಬ ಎರಡು ದಿನಗಳಿಗೆ ಬಹಳ ಬೆಲೆಯಿದೆ.

ಸರ್ಪಸುತ್ತು ಅಥವಾ ಸರ್ಪಹುಣ್ಣು ಎಂದು ನಾವು ಕರೆಯುವ ಕಾಯಿಲೆಗೆ ವೈದ್ಯರು ಬರೆಯುವ ಹೆಸರು ಹರ್ಪಿಸ್ ಜೋಸ್ಟರ್. ಜೋಸ್ಟರ್ ಎಂದರೆ ಗ್ರೀಕ್ ಭಾಷೆಯಲ್ಲಿ ಸೊಂಟಪಟ್ಟಿ. ನಮ್ಮವರು ಹಾವು ಸುತ್ತಿಕೊಂಡಂತೆ ಕಂಡರೆ, ಅವರು ಪಟ್ಟಿ ಕಟ್ಟಿದಂತೆ ಕಂಡರು, ಅಷ್ಟೇ ವ್ಯತ್ಯಾಸ. ಇದಕ್ಕೆ ಕಾರಣ ಹಾವೂ ಅಲ್ಲ, ಹಾವಿನ ಶಾಪವೂ ಅಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ತಂದ ಅದೇ ವೈರಸ್ಸು ಇದನ್ನೂ ತರುತ್ತದೆ. ಮೈ ಮೇಲಿನ ಗುಳ್ಳೆಗಳು ಉದುರಿಹೋದ ಮೇಲೂ ಅದು ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ಮಲಗಿರುತ್ತದೆ. ವಯಸ್ಸಾದಾಗಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಎದ್ದು, ಒಂದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ.

ಈ ವಿಷಯವನ್ನು ಮನಗಾಣಿಸಿದವರಲ್ಲಿ ಒಬ್ಬರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದ ಸಾಮಾನ್ಯ ವೈದ್ಯ ಎಡ್ಗರ್ ಹೋಪ್‌ಸಿಂಪ್ಸನ್. ತಮ್ಮಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳನ್ನು 16 ವರ್ಷ ತಾಳ್ಮೆಯಿಂದ ದಾಖಲಿಸಿ, 192 ಪ್ರಕರಣಗಳ ಆಧಾರದ ಮೇಲೆ 1965ರಲ್ಲಿ ಅವರು ತಮ್ಮ ವಾದವನ್ನು ಮಂಡಿಸಿದರು. ತಾಲೂಕು ಮಟ್ಟದ ವೈದ್ಯರ ಕಣ್ಣು, ಕಿವಿ ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ವೈರಸ್ಸು ಒಂದೇ ನರದಲ್ಲಿ ಬರುವುದರಿಂದ ಗುಳ್ಳೆಗಳು ದೇಹದ ಒಂದೇ ಪಕ್ಕದಲ್ಲಿ, ಪಟ್ಟಿಯಾಗಿ ಏಳುತ್ತವೆ, ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ. ತಲೆಯೂ ಬಾಲವೂ ಕೂಡಿದರೆ ಸಾವು ಖಂಡಿತ ಎಂಬ ಭಯ ಘಟ್ಟದ ಮೇಲೂ ಇದೆ, ಕೆಳಗೂ ಇದೆ. ಅದಕ್ಕೆ ಆಧಾರವಿಲ್ಲ. ಇನ್ನು ಕೆಮ್ಮಣ್ಣು ಹಚ್ಚುವ ವಿಚಾರ. ಯಾರ ನಂಬಿಕೆಯನ್ನೂ ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಗುಳ್ಳೆಗಳು ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಒಣಗುತ್ತವೆ, ಆ ಶ್ರೇಯಸ್ಸು ಮಣ್ಣಿಗೆ ಹೋಗುತ್ತದೆ. ಒಡೆದ ಗುಳ್ಳೆಗೆ ಮಣ್ಣು ಸೇರಿದರೆ ಕೀವಾಗಬಹುದು. ಅದಕ್ಕಿಂತ ಮುಖ್ಯವಾಗಿ, ವೈದ್ಯರು ನೋಡಬೇಕಾದ ಗುರುತು ಬಣ್ಣದ ಕೆಳಗೆ ಮರೆಯಾಗುತ್ತದೆ, ಔಷಧಿಯ ದಿನಗಳೂ ಕಳೆದುಹೋಗುತ್ತವೆ.

ಆ ದಿನಗಳು ಮೂರು. ಗುಳ್ಳೆ ಕಾಣಿಸಿದ 72 ಗಂಟೆಗಳ ಒಳಗೆ ಎಸೈಕ್ಲೋವಿರ್ ಅಥವಾ ವಾಲಾಸೈಕ್ಲೋವಿರ್ ಮಾತ್ರೆ ಆರಂಭಿಸಿದರೆ ಹೆಚ್ಚಿನ ಪ್ರಯೋಜನ. ಸಾಮಾನ್ಯವಾಗಿ 7 ದಿನಗಳ ಚಿಕಿತ್ಸೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಕಡಿಮೆ ಮಾಡಬೇಕಾದ್ದರಿಂದ ಅಂಗಡಿಯಲ್ಲಿ ಕೇಳಿ ನುಂಗುವ ಔಷಧಿ ಇದಲ್ಲ. ಮೂರು ದಿನ ದಾಟಿತೆಂದು ಮನೆಯಲ್ಲಿ ಕೂರುವುದೂ ಬೇಡ. ಹೊಸ ಗುಳ್ಳೆಗಳು ಏಳುತ್ತಲೇ ಇದ್ದರೆ ಆಗಲೂ ವೈದ್ಯರು ಕೊಡಬಹುದು.

ತೊಡಕೆಂದರೆ, ನೋವು ಅನೇಕ ಬಾರಿ ಗುಳ್ಳೆಗಿಂತ ಎರಡು ಮೂರು ದಿನ ಮುಂಚೆಯೇ ಬರುತ್ತದೆ. ಎದೆಯ ಎಡಭಾಗದಲ್ಲಾದರೆ ಇಸಿಜಿ, ಹೊಟ್ಟೆಯಲ್ಲಾದರೆ ಸ್ಕ್ಯಾನಿಂಗ್, ದವಡೆಯಲ್ಲಾದರೆ ಹಲ್ಲಿನ ಡಾಕ್ಟರು. ಇದು ವೈದ್ಯರ ತಪ್ಪೆಂದು ಹೇಳಲಾಗದು, ಹೃದಯವನ್ನು ಮೊದಲು ನೋಡಲೇಬೇಕು. ಆದರೆ ವರದಿ ಸರಿಯಿದೆ ಎಂದು ಮನೆಗೆ ಕಳುಹಿಸಿದ ಮೇಲೆ ಪ್ರತಿದಿನ ಆ ಜಾಗದ ಚರ್ಮವನ್ನು ಬೆಳಕಿನಲ್ಲಿ ನೋಡಬೇಕು. ಕೆಂಪು ಕಲೆ, ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು ಕಂಡರೆ ಅಂದೇ ಮತ್ತೆ ಹೋಗಬೇಕು. ಹೆಂಗಸರು ಎದೆ, ತೊಡೆಯ ಭಾಗವನ್ನು ತೋರಿಸಲು ಸಂಕೋಚಪಟ್ಟು ದಿನ ಕಳೆಯುತ್ತಾರೆ. ಮನೆಯ ಇನ್ನೊಬ್ಬ ಹೆಣ್ಣುಮಗಳು ಜೊತೆಗೆ ಹೋದರೆ ಅರ್ಧ ಸಮಸ್ಯೆ ಮುಗಿಯಿತು.

ಇದನ್ನು ಗುರುತಿಸಲು ದೂರದ ಹುಬ್ಬಳ್ಳಿಗೆ ಓಡಬೇಕಾಗಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ರಕ್ತಪರೀಕ್ಷೆಯೂ ಬೇಡ, ನೋಡಿದರೆ ತಿಳಿಯುತ್ತದೆ. ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಆಸ್ಪತ್ರೆಗಳಲ್ಲಿ ತೋರಿಸಬಹುದು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆಗೆ ಈಗ ಕೊಪ್ಪಳದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಸಂಶಯವಿದ್ದಾಗ ಮಾತ್ರ ಗುಳ್ಳೆಯ ದ್ರವದ ಪಿಸಿಆರ್ ಪರೀಕ್ಷೆ ಮಾಡಿಸುತ್ತಾರೆ. ಆದರೆ ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು, ದೃಷ್ಟಿಗೇ ಅಪಾಯ. ಕಿವಿಯಲ್ಲಿ ಗುಳ್ಳೆಯೆದ್ದು ಬಾಯಿ ಸೊಟ್ಟಗಾದರೂ ಅಷ್ಟೇ ಅವಸರ.

ಚೀಟಿಯಲ್ಲಿ ಹರ್ಪಿಸ್ ಎಂಬ ಪದ ನೋಡಿ ಮಕ್ಕಳು ಮೊಬೈಲಿನಲ್ಲಿ ಹುಡುಕಿದರೆ ಲೈಂಗಿಕ ರೋಗದ ವಿವರ ಬರುತ್ತದೆ. ಅದು ಬೇರೆ ವೈರಸ್ಸು, ಒಂದೇ ಕುಟುಂಬದ ಹೆಸರು ಮಾತ್ರ. ಎಪ್ಪತ್ತು ವರ್ಷದ ತಾಯಿಯನ್ನು, ವಿಧವೆಯನ್ನು ಅನುಮಾನದಿಂದ ನೋಡುವ ಪಾಪವನ್ನು ಯಾರೂ ಕಟ್ಟಿಕೊಳ್ಳಬಾರದು. ಹಾಗೆಯೇ, ಚಿಕ್ಕ ವಯಸ್ಸಿನವರಿಗೆ ಸರ್ಪಸುತ್ತು ಬಂದಾಗ ವೈದ್ಯರು ಎಚ್.ಐ.ವಿ. ಪರೀಕ್ಷೆ ಸೂಚಿಸಿದರೆ ಅದನ್ನು ಅವಮಾನವೆಂದು ತಿಳಿಯಬಾರದು. ಸಕ್ಕರೆ ಕಾಯಿಲೆಯ ಪರೀಕ್ಷೆಯಂತೆ ಅದೂ ಒಂದು. ಸರ್ಕಾರಿ ಕೇಂದ್ರಗಳಲ್ಲಿ ಉಚಿತ, ಗುಟ್ಟು ಹೊರಬೀಳದು.

ರೋಗಿಯನ್ನು ಮೂಲೆಗೆ ಹಾಕುವ ಅಗತ್ಯವಿಲ್ಲ. ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಿ, ಹೊಪ್ಪಳೆ ಕಟ್ಟುವವರೆಗೆ ಹಸುಗೂಸುಗಳು, ಚಿಕನ್‌ಪಾಕ್ಸ್ ಬಾರದ ಗರ್ಭಿಣಿಯರು ದೂರವಿದ್ದರೆ ಸಾಕು. ಅವರಿಗೆ ಅಂಟಬಹುದಾದುದು ಚಿಕನ್‌ಪಾಕ್ಸ್, ಸರ್ಪಸುತ್ತು ಅಲ್ಲ.

ಈಗ ಅತ್ಯಂತ ಕಷ್ಟದ ಭಾಗ. ಕೆಲವರಿಗೆ, ಅದರಲ್ಲೂ ಅರವತ್ತು ದಾಟಿದವರಿಗೆ, ಚರ್ಮ ಮಾಗಿದ ಮೇಲೂ ನೋವು ನಿಲ್ಲುವುದಿಲ್ಲ. ಮೂರು ತಿಂಗಳು ಮೀರಿದರೆ ವೈದ್ಯರು ಅದನ್ನು ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಎನ್ನುತ್ತಾರೆ. ನರವೇ ಗಾಯಗೊಂಡಿರುವುದರಿಂದ ಅದು ಸುಳ್ಳು ಸುದ್ದಿ ಕಳುಹಿಸುತ್ತಲೇ ಇರುತ್ತದೆ. ಸೀರೆಯ ಸೆರಗು ತಾಕಿದರೆ ಚುಚ್ಚುತ್ತದೆ, ಫ್ಯಾನಿನ ಗಾಳಿ ಉರಿಯುತ್ತದೆ, ಕರೆಂಟ್ ಹೊಡೆದಂತೆ ಆಗಾಗ ಎಳೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆದ್ದರಿಂದ ಮನೆಯವರು "ಮುದುಕಿ ನಾಟಕ ಮಾಡ್ತಾಳ" ಎಂದುಬಿಡುತ್ತಾರೆ. ಅದು ನಾಟಕವಲ್ಲ.

ಸಾಮಾನ್ಯ ನೋವಿನ ಮಾತ್ರೆ, ಇಂಜೆಕ್ಷನ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ನರಕ್ಕೆ ಸಂಬಂಧಿಸಿದ ಔಷಧಿಗಳು ಬೇಕಾಗುತ್ತವೆ. ಇವು ಮೊದಲ ದಿನವೇ ಪವಾಡ ಮಾಡುವುದಿಲ್ಲ. ಸಣ್ಣ ಪ್ರಮಾಣದಿಂದ ಮೇಲೇರಿಸುತ್ತಾ ಕೆಲವು ವಾರ ಕಾಯಬೇಕು. ನಿದ್ದೆ, ತಲೆಸುತ್ತು ಬರುವುದರಿಂದ ರಾತ್ರಿ ಬಚ್ಚಲಿಗೆ ಹೋಗುವಾಗ ವೃದ್ಧರು ಬೀಳದಂತೆ ನೋಡಿಕೊಳ್ಳಬೇಕು, ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು. ಲಿಡೋಕೇನ್ ಮತ್ತು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮುಗಳೂ ಇವೆ. ಇವನ್ನು ಮಾಗಿದ ಚರ್ಮಕ್ಕೆ ಮಾತ್ರ ಹಚ್ಚಬೇಕು.

ಐವತ್ತು ದಾಟಿದವರಿಗೆ ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ, ಎರಡು ಡೋಸ್. ಕೂಲಿಕಾರ ಕುಟುಂಬಕ್ಕೆ ಅದರ ಬೆಲೆ ಎಟುಕುವಂಥದ್ದಲ್ಲ. ಅಂಥವರ ಪಾಲಿಗೆ ಸಮಯಕ್ಕೆ ಸಿಕ್ಕ ಮಾತ್ರೆಯೇ ಆಸರೆ.

ತಿಂಗಳುಗಟ್ಟಲೆ ನೋವು ಇದ್ದವರು ಆಸ್ಪತ್ರೆಗೆ ಹೋದಾಗ "ಪಕ್ಕೆ ನೋವು" ಎಂದಷ್ಟೇ ಹೇಳಿದರೆ ಚಿಕಿತ್ಸೆ ಬೇರೆ ದಾರಿ ಹಿಡಿಯುತ್ತದೆ. "ಈ ಜಾಗದಲ್ಲಿ ಸರ್ಪಸುತ್ತು ಆಗಿತ್ತು, ಇಂಥ ತಿಂಗಳು ಆಗಿತ್ತು, ಬಟ್ಟೆ ತಾಕಿದರೂ ಉರಿಯುತ್ತದೆ" ಎಂದು ಹೇಳಬೇಕು. ಹಳೆಯ ಚೀಟಿ, ಖಾಲಿ ಮಾತ್ರೆ ಪಟ್ಟಿ ಕೈಯಲ್ಲಿರಲಿ. ಊರಿನ ತಾಯಿಗೆ ಅಷ್ಟು ಹೇಳಲು ಬಾರದಿದ್ದರೆ, ಇಲ್ಲಿರುವ ಮಗ ಫೋನಿನಲ್ಲೇ ವೈದ್ಯರಿಗೆ ತಿಳಿಸಬಹುದು.