‘ಸಿಸ್ಟರ್, ನಿಮ್ಮ ನೋಂದಣಿ ಸಂಖ್ಯೆ?’

ತಾತ ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಬಂದರೆ, ಹಿಂದೆಯೇ ಏಜೆನ್ಸಿಯಿಂದ ‘ಹೋಮ್ ನರ್ಸ್’ ಬರುತ್ತಾರೆ. ಮನೆಮಂದಿಯೆಲ್ಲ ಅವರನ್ನು ‘ಸಿಸ್ಟರ್’ ಎಂದೇ ಕರೆಯುತ್ತೇವೆ. ಆದರೆ ಹಾಗೆ ಕರೆಸಿಕೊಳ್ಳುವವರೆಲ್ಲ ನರ್ಸಿಂಗ್ ಓದಿದವರಲ್ಲ. ಹಲವರು ಕೆಲವೇ ತಿಂಗಳ ತರಬೇತಿ ಪಡೆದ ಆರೈಕೆ ಸಹಾಯಕಿಯರು. ಅವರ ಕೆಲಸವೇನೂ ಸಣ್ಣದಲ್ಲ. ಬೆನ್ನುಹುಣ್ಣಾಗದಂತೆ ರಾತ್ರಿಯಿಡೀ ಮಗ್ಗಲು ಬದಲಿಸುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ತೊಡಕು ಬರುವುದು ಸೂಜಿ ಹಿಡಿಯುವಾಗ.

ಮಕ್ಕಳೇ, ಒಂದು ಲೆಕ್ಕ ಮಾಡಿ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಸಿರಿಂಜು ಬೇರೆ ಬೇರೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ವೈದ್ಯರು ಬರೆದದ್ದು 10 ಯೂನಿಟ್ ಎಂದಿಟ್ಟುಕೊಳ್ಳಿ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ತಾತನ ಮೈಗೆ ಹೋಗುವುದೆಷ್ಟು? 25 ಯೂನಿಟ್! ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು.

ಎ.ಎನ್.ಎಂ. 2 ವರ್ಷದ ಓದು, ಜಿ.ಎನ್.ಎಂ. 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಪಾಸಾದರೆ ಮುಗಿಯಲಿಲ್ಲ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ನಮ್ಮ ಕೌನ್ಸಿಲ್ ಇರುವುದು ಬೆಂಗಳೂರಿನಲ್ಲಿ. ಹಾಗಾಗಿ ನೀವು ಕೇಳಬೇಕಾದ್ದು ಅಂಕಪಟ್ಟಿಯನ್ನಲ್ಲ, ಏಜೆನ್ಸಿಯ ಗುರುತಿನ ಚೀಟಿಯನ್ನಂತೂ ಅಲ್ಲವೇ ಅಲ್ಲ. ಕೌನ್ಸಿಲ್‌ನ ನೋಂದಣಿ ಪ್ರಮಾಣಪತ್ರವನ್ನು. ಅದರಲ್ಲಿರುವ ಹೆಸರು ಆಧಾರ್ ಕಾರ್ಡಿನ ಹೆಸರಿಗೆ ಹೊಂದುತ್ತದೆಯೇ, ನವೀಕರಣದ ಅವಧಿ ಮುಗಿದಿದೆಯೇ ನೋಡಿ. ಅಜ್ಜಿಗೆ ಸಣ್ಣ ಅಕ್ಷರ ಕಾಣದಿದ್ದರೆ ಮೊಮ್ಮಕ್ಕಳು ಓದಿ ಹೇಳಲಿ. ಸಂಖ್ಯೆ ಬರೆದುಕೊಂಡು ಕೌನ್ಸಿಲ್ ಕಚೇರಿಯಲ್ಲಿ ವಿಚಾರಿಸಬಹುದು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ರಾಷ್ಟ್ರೀಯ ದಾಖಲೆಗೆ ಸೇರಿದವರ ಬಳಿ ಎನ್.ಯು.ಐ.ಡಿ. ಎಂಬ ಸಂಖ್ಯೆಯೂ ಇರುತ್ತದೆ. ಪತ್ರದಲ್ಲಿ ಕೇರಳದ ಕೌನ್ಸಿಲ್ ಹೆಸರಿದ್ದರೆ ನಕಲಿ ಎಂದು ಗಾಬರಿಯಾಗಬೇಡಿ, ಕರ್ನಾಟಕದಲ್ಲೂ ನೋಂದಾಯಿಸಿದ್ದೀರಾ ಎಂದು ಕೇಳಿ.

“ಪಾಪ, ಆ ಹುಡುಗಿ ಏನಂದುಕೊಂಡಾಳೋ” ಎಂಬ ಸಂಕೋಚ ನಮ್ಮ ಅಜ್ಜಿಯರಿಗೆ ಸಹಜ. ಕಷ್ಟಪಟ್ಟು ಓದಿದವರು ಪತ್ರ ತೋರಿಸಲು ಹಿಂಜರಿಯುವುದಿಲ್ಲ. ‘ನಾಳೆ ತರುತ್ತೇನೆ’ ಎಂಬ ಮಾತು ಮೂರನೆಯ ದಿನವೂ ಬಂದರೆ ಏಜೆನ್ಸಿಗೆ ಫೋನ್ ಮಾಡಿ.

ನೋಂದಣಿ ಇಲ್ಲವೆಂದು ತಿಳಿದರೆ ಕೆಲಸ ಬಿಡಿಸಲೇಬೇಕೆಂದಿಲ್ಲ. ಸ್ನಾನ, ಊಟ, ಓಡಾಟಕ್ಕೆ ಅವರೇ ಇರಲಿ. ಇನ್ಸುಲಿನ್ ಚುಚ್ಚುವುದನ್ನು ಮನೆಯವರೇ ವೈದ್ಯರ ಬಳಿ ಕಲಿಯಬಹುದು. ಡ್ರಿಪ್ ಹಾಕಲು, ಮೂತ್ರದ ನಳಿಕೆ ಬದಲಿಸಲು ಮಾತ್ರ ಹತ್ತಿರದ ಆಸ್ಪತ್ರೆಯ ನರ್ಸ್ ಅವರನ್ನೇ ಕರೆಸಿ.