ಕರೆದರೂ ತಿರುಗಿ ನೋಡದ ಕಂದ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬುದು ಹಿರಿಯರ ಮಾತು. ಚುರುಕಾದ ಮಗುವನ್ನು ಕಂಡಾಗ ಈ ಗಾದೆಯನ್ನು ನಾವು ಹಿಗ್ಗಿನಿಂದ ನೆನೆಯುತ್ತೇವೆ. ಆದರೆ ಮೊಳಕೆಯಲ್ಲಿ ಸಿರಿಯೊಂದೇ ಕಾಣುವುದಿಲ್ಲ. ಕೊರತೆಯೂ ಅಲ್ಲಿಯೇ ತಲೆದೋರುತ್ತದೆ. ಮಗುವಿಗೆ ಜ್ವರ ಬಂದರೆ ಅಂದೇ ಸಂಜೆ ವೈದ್ಯರಲ್ಲಿಗೆ ಧಾವಿಸುವ ತಾಯಿತಂದೆಗಳು, ಎರಡು ವರ್ಷ ತುಂಬಿದರೂ ಮಾತು ಬಾರದ ಮಗುವಿನ ವಿಷಯದಲ್ಲಿ ಮಾತ್ರ ಇನ್ನೂ ಎರಡು ವರ್ಷ ಕಾದು ನೋಡುತ್ತಾರೆ.

ಬೆಂಗಳೂರಿನ ವಾಯವ್ಯಕ್ಕೆ, ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನಲ್ಲಿರುವ ರಾಜಗೋಪಾಲನಗರದಂತಹ ಬಡಾವಣೆಗಳಲ್ಲಿ ಈ ಕಾಯುವಿಕೆಗೆ ಕಾರಣಗಳೂ ಉಂಟು. ತಂದೆ ಲೇತ್ ಯಂತ್ರದ ಮುಂದೆ, ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ. ಮಗುವನ್ನು ಆಡಿಸಬೇಕಾದ ಅಜ್ಜಿ ದೂರದ ಊರಿನಲ್ಲಿ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಸಂಬಳ ಖೋತಾ. ಇದರ ಮೇಲೆ ನೆರೆಮನೆಯಾಕೆಯ ಸಮಾಧಾನ ಬೇರೆ: “ಗಂಡುಮಕ್ಕಳಿಗೆ ಮಾತು ತಡ ಕಣಮ್ಮ. ಇವರಪ್ಪನಿಗೂ ನಾಲ್ಕಕ್ಕೇ ಬಂದದ್ದಂತೆ!” ಆಡಿದವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತನ್ನು ನಂಬಿ ಕಳೆದ ಕಾಲ ಮರಳಿ ಬಾರದು. ಮಿದುಳು ಅತಿ ವೇಗವಾಗಿ ಬೆಳೆಯುವುದು ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿಯೇ.

ಇದು ಎಲ್ಲೋ ಒಬ್ಬಿಬ್ಬರ ಕಷ್ಟವೆಂದು ತಿಳಿಯಬಾರದು. ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 16 ವರ್ಷದವರೆಗಿನ 2,064 ಮಕ್ಕಳನ್ನು ಕುರಿತು ನಿಮ್ಹಾನ್ಸ್ ತಜ್ಞರು ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಸುಮಾರು ಎಂಟು ಮಕ್ಕಳಿಗೊಬ್ಬರಂತೆ ಯಾವುದಾದರೊಂದು ಮಾನಸಿಕ ತೊಂದರೆ ಅದರಲ್ಲಿ ಕಂಡುಬಂದಿತು. ನಿದ್ರೆಯಲ್ಲಿ ಮೂತ್ರ ಹೋಗುವುದು, ಅತಿಯಾದ ಭಯ, ಮಿತಿಮೀರಿದ ಚಟುವಟಿಕೆ, ಉಗ್ಗು, ಹಟಮಾರಿತನ—ನಾಲ್ಕು ವರ್ಷ ಮೇಲ್ಪಟ್ಟವರಲ್ಲಿ ಹೆಚ್ಚಾಗಿ ತೋರಿದವು ಇವು. ಬಡವ ಬಲ್ಲಿದರೆಂಬ ಭೇದ ಈ ತೊಂದರೆಗಳಿಗೆ ಇದ್ದಂತೆ ತೋರಲಿಲ್ಲ.

ಎಚ್ಚರಗೊಳ್ಳುವ ಹೊತ್ತು

ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದರೆ ತಿರುಗಬೇಕು. ಬೇಕಾದ್ದನ್ನು ಬೆರಳು ಮಾಡಿ ತೋರಿಸತೊಡಗಬೇಕು. 16 ತಿಂಗಳಾದರೂ ಒಂದು ಪದವನ್ನೂ ಆಡದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದಗಳನ್ನು ತಾನಾಗಿ ಕೂಡಿಸದಿದ್ದರೆ ವೈದ್ಯರಿಗೆ ತೋರಿಸಬೇಕು. ಬಂದ ಮಾತು ಹಿಂದೆ ಸರಿದರಂತೂ, ವಯಸ್ಸೆಷ್ಟೇ ಇರಲಿ, ಒಂದು ದಿನವೂ ತಡಮಾಡಬಾರದು.

ಮಾತು ಬಾರದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಕೇಳಿಸದ ಮಗು ಮಾತು ಕಲಿಯುವುದಾದರೂ ಹೇಗೆ? ಕಿವಿ ಸರಿಯಾಗಿದ್ದೂ ಕಣ್ಣಿಗೆ ಕಣ್ಣು ಕೊಡದೆ, ಇತರ ಮಕ್ಕಳೊಡನೆ ಬೆರೆಯದೆ, ಆಟದ ಗಾಡಿಯ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತಿದ್ದರೆ ತಜ್ಞರು ಆಟಿಸಂ ಇರಬಹುದೇ ಎಂದು ಪರಿಶೀಲಿಸುತ್ತಾರೆ. ಇದನ್ನು ನಿರ್ಣಯಿಸುವ ರಕ್ತಪರೀಕ್ಷೆಯಾಗಲಿ, ಮಿದುಳಿನ ಚಿತ್ರವಾಗಲಿ ಇಲ್ಲ. ಮಗುವಿನ ಆಟವನ್ನು ನೋಡಿ, ಹುಟ್ಟಿದಂದಿನಿಂದ ಬೆಳೆದ ಬಗೆಯನ್ನು ಹೆತ್ತವರಿಂದ ಕೇಳಿ ತಿಳಿಯಬೇಕು. ತುಂಟ ಮಕ್ಕಳೆಲ್ಲ ರೋಗಿಗಳಲ್ಲ. ಗಮನ ನಿಲ್ಲದ ಚಾಂಚಲ್ಯವು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಂಡು, ಆರು ತಿಂಗಳಾದರೂ ಮುಂದುವರಿದು, ಕಲಿಕೆಗೆ ಅಡ್ಡಿಯಾದಾಗ ಮಾತ್ರ ಅದನ್ನು ತೊಂದರೆಯೆಂದು ಎಣಿಸುತ್ತಾರೆ. ಆದುದರಿಂದ ಉಪಾಧ್ಯಾಯರ ಮಾತೂ ವೈದ್ಯರಿಗೆ ಅವಶ್ಯ.

ತಪ್ಪು ಯಾರದು?

ಅಮೆರಿಕದ ಲಿಯೊ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದು ಆಟಿಸಂ ಅನ್ನು ವೈದ್ಯಲೋಕಕ್ಕೆ ಪರಿಚಯಿಸಿದನು. ಅನಂತರ ಕೆಲವು ದಶಕಗಳ ಕಾಲ, ತಾಯಿಯ ಪ್ರೀತಿ ಸಾಲದುದೇ ಇದಕ್ಕೆ ಕಾರಣವೆಂದು ಪಂಡಿತರೇ ನಂಬಿದ್ದರು. ಎಷ್ಟು ತಾಯಂದಿರು ಆ ಮಾತಿನಿಂದ ನೊಂದರೋ! ಅದು ಶುದ್ಧ ತಪ್ಪೆಂದು ಬಹು ಹಿಂದೆಯೇ ಸಿದ್ಧವಾಗಿದೆ. ವಂಶವಾಹಿಗಳೂ ಗರ್ಭದಲ್ಲಿಯೇ ಮೊದಲಾಗುವ ಮಿದುಳಿನ ಬೆಳವಣಿಗೆಯೂ ಇದರ ಮೂಲ. ಲಸಿಕೆಯಿಂದ ಬರುತ್ತದೆಂಬುದೂ ಸುಳ್ಳು. ಕೆಲಸಕ್ಕೆ ಹೋಗುವ ತಾಯಿಯನ್ನು ದೂಷಿಸುವ ಅತ್ತೆಯಂದಿರೂ ಗಂಡಂದಿರೂ ಇದನ್ನು ಅರಿಯಬೇಕು.

ಚಿಕಿತ್ಸೆಯ ಬಗೆ

ಆಟಿಸಂ ಅನ್ನು ಗುಣಪಡಿಸುವ ಮಾತ್ರೆಯಿಲ್ಲ. ಹಾಗೆಂದು ಜಾಹೀರಾತು ಮಾಡುವವರಿಗೆ ಹಣ ತೆರಬೇಡಿ. ಇಲ್ಲಿ ಫಲ ಕೊಡುವುದು ತರಬೇತಿ. ಮಗು ಬಯಸುವ ಬಿಸ್ಕತ್ತನ್ನು ಕಣ್ಣಿಗೆ ಕಂಡು ಕೈಗೆ ಎಟುಕದಂತೆ ಇಡುವುದು; ಅದು ನೋಡಿ, ಬೆರಳು ತೋರುವತನಕ ತಾಳ್ಮೆಯಿಂದಿರುವುದು; ಒಡನೆಯೇ ಹೆಸರು ಹೇಳಿ ಕೊಡುವುದು. ಇಂತಹ ಚಿಕ್ಕ ಪಾಠಗಳನ್ನು ತಜ್ಞರು ತಾಯಿತಂದೆಗಳಿಗೆ ಕಲಿಸುತ್ತಾರೆ. ಮೊಬೈಲ್ ಕೊಟ್ಟು ಕೂರಿಸಿದರೆ ಈ ಪಾಠ ನಡೆಯುವಂತಿಲ್ಲ. ಅತಿ ಚಾಂಚಲ್ಯಕ್ಕೆ ಪಾಲಕರ ತರಬೇತಿಯೊಡನೆ, ಅವಶ್ಯವಾದಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಔಷಧವೂ ಉಂಟು. ಹಾಸಿಗೆ ಒದ್ದೆಮಾಡುವ ಮಗುವನ್ನು ಹೊಡೆಯುವುದರಿಂದ ಏನೂ ಪ್ರಯೋಜನವಿಲ್ಲ. ಐದು ವರ್ಷಕ್ಕೆ ಮೊದಲು ಅದು ರೋಗವೇ ಅಲ್ಲ. ಅಕ್ಷರ ತಡವರಿಸುವ ಜಾಣ ಮಗುವಿಗೆ ವಿಶೇಷ ಬೋಧನೆ ಬೇಕು. ಆಟಿಸಂ, ಬುದ್ಧಿಮಾಂದ್ಯ, ಕಲಿಕೆಯ ತೊಡಕು ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸೇರಿವೆ.

ನೆರವಿಗೆ ದೂರ ಹುಡುಕಬೇಕಾಗಿಲ್ಲ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೆಂದು ಮೊದಲಾಗಿ, 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ವಿಭಾಗವಿದೆ. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾದ ಮೇಲೆ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳ ತಪಾಸಣೆಗೆ ವೈದ್ಯರ ತಂಡಗಳಿವೆ. ರಜೆ ದೊರೆಯದ ತಾಯಿ 2022ರಲ್ಲಿ ಮೊದಲಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ, ಕನ್ನಡದಲ್ಲಿಯೇ ಕೇಳಬಹುದು.

ವೈದ್ಯರಲ್ಲಿಗೆ ಹೋಗುವಾಗ ತಾಯಿ ಕಾರ್ಡನ್ನು ಕೊಂಡೊಯ್ಯಿರಿ. ಮಗು ಕುಳಿತದ್ದು, ನಡೆದದ್ದು, ಮೊದಲ ಮಾತಾಡಿದ್ದು ಯಾವ ತಿಂಗಳೆಂದು ಬರೆದುಕೊಂಡಿರಿ. ಪರೀಕ್ಷಿಸಿ ಏನೂ ಇಲ್ಲವೆಂದರೆ ಹೋದದ್ದು ಒಂದು ದಿನದ ಸಂಬಳ. ಇದೆಯೆಂದರೆ ಮಗುವಿಗೆ ಉಳಿದದ್ದು ಎರಡು ವರ್ಷ.