ತೊಗಲೇ ಎಲುಬಾದ ಕಾರು

ಉದ್ದ 2.97 ಮೀಟರ್, ಅಗಲ 1.32 ಮೀಟರ್, ತೂಕ ಹೆಚ್ಚುಕಡಿಮೆ ಐದು ಕ್ವಿಂಟಾಲ್. ಇಟಲಿಯ ಟ್ಯೂರಿನ್ ನಗರದಲ್ಲಿ ಫಿಯೆಟ್ ಕಂಪನಿ 1957ರ ಜುಲೈನಲ್ಲಿ ಹೊರತಂದ 'ನುವೊವಾ 500' ಕಾರಿನ ಅಳತೆ ಇದು. ಎಂಜಿನ್ ಹಿಂದುಗಡೆ, ಅದರಲ್ಲಿ ಎರಡೇ ಸಿಲಿಂಡರು, 479 ಸಿಸಿ, 13 ಅಶ್ವಶಕ್ತಿ. ರೇಡಿಯೇಟರ್ ಇಲ್ಲ, ನೀರಿಲ್ಲ, ಗಾಳಿಯಿಂದಲೇ ತಂಪು. ಇದನ್ನು ರೂಪಿಸಿದ ಎಂಜಿನಿಯರ್ ದಾಂತೆ ಜಿಯಾಕೋಸಾ. 1975ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 38 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದಿದ್ದವು. ಅವುಗಳಲ್ಲಿ ಉಳಿದವನ್ನು ಹುಡುಕಿ ತಂದು, ಬಿಚ್ಚಿ, ಹೊಸದಾಗಿಸಿ, ತಮ್ಮ ಇಷ್ಟದಂತೆ ಮಾರ್ಪಡಿಸುವ ಉತ್ಸಾಹ ಇವತ್ತು ಜಗತ್ತಿನ ಎಲ್ಲೆಡೆ ಇದೆ. ಅಂಥ ಕಾರು ಕೈಗೆ ಬಂದ ಕೂಡಲೇ ಬಹುತೇಕರ ಕಣ್ಣು ಮೊದಲು ಹೋಗುವುದು ಎಂಜಿನ್ ಕಡೆಗೆ, ಆಮೇಲೆ ಬಣ್ಣದ ಕಡೆಗೆ. ಇಷ್ಟು ಚಿಕ್ಕ ಕಾರಿನಲ್ಲಿ ಈ ಕ್ರಮವೇ ತಪ್ಪು ಎಂಬುದು ನನ್ನ ವಾದ. ಇಲ್ಲಿ ಮೊದಲ ಕೆಲಸ ತಗಡಿನದು. ಎಂಜಿನ್ನಿಗೆ ಏನು ಮಾಡಬಹುದು, ಎಷ್ಟು ಮಾಡಬಹುದು ಎಂಬುದನ್ನೂ ಆ ತಗಡೇ ನಿರ್ಧರಿಸುತ್ತದೆ.

ಈ ಮಾತನ್ನು ಬೆಂಗಳೂರಿನ ವಿಮಾನಪುರದಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಎಚ್‌ಎಎಲ್ ವಿಮಾನ ಕಾರ್ಖಾನೆಯಿಂದಲೇ ಹೆಸರು ಪಡೆದ ಊರು ಇದು. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರವನ್ನು ಪಾಲುದಾರನನ್ನಾಗಿ ಮಾಡಿಕೊಂಡು ಇಲ್ಲಿ ಎಚ್‌ಎಎಲ್‌ನ ಮೂಲವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದವರು ವಾಲ್‌ಚಂದ್ ಹೀರಾಚಂದ್. ಅದಕ್ಕೂ ಮುಂಚೆ ವಿಶ್ವೇಶ್ವರಯ್ಯನವರು ಕಾರು ಕಾರ್ಖಾನೆಯೊಂದಕ್ಕೆ ಯೋಜನೆ ಸಿದ್ಧಪಡಿಸಿದ್ದರು; ವಾಲ್‌ಚಂದ್ ಅದರಲ್ಲೂ ಜೊತೆಗಿದ್ದರು. ಬ್ರಿಟಿಷ್ ಆಡಳಿತದ ಬೆಂಬಲ ಸಿಗದೆ ಅದು ಇಲ್ಲಿ ನೆಲೆಯೂರಲಿಲ್ಲ. ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮುಂದೆ ಫಿಯೆಟ್ ಜೊತೆ ಒಪ್ಪಂದವಾಗಿ ಅಲ್ಲಿಂದಲೇ ಫಿಯೆಟ್ 1100 ಬಂತು, ಅದೇ ಪದ್ಮಿನಿ ಆಯಿತು. ಹೀಗೆ ನಮ್ಮ ವಿಮಾನವೂ ನಮ್ಮ ಫಿಯೆಟ್ಟೂ ಒಬ್ಬನೇ ಉದ್ಯಮಿಯ ಕನಸಿನ ಎರಡು ಕವಲುಗಳು. ಆದರೆ ಅವೆರಡರ ನೆಂಟಸ್ತನ ಇನ್ನೂ ಆಳದ್ದು, ಅದು ತಗಡಿನ ಮಟ್ಟದ್ದು. ಎಚ್‌ಎಎಲ್ ತಯಾರಿಸಿದ ಪುಷ್ಪಕ್ ಎಂಬ ಎರಡು ಸೀಟಿನ ವಿಮಾನದ ಒಡಲು ಉಕ್ಕಿನ ಕೊಳವೆಗಳ ಹಂದರ. ಅದರ ಮೇಲೆ ಬಟ್ಟೆ ಹೊದಿಸಿತ್ತು. ಭಾರ ಹೊರುವುದು ಹಂದರದ ಕೆಲಸ, ಗಾಳಿ ತಡೆಯುವುದಷ್ಟೇ ಬಟ್ಟೆಯದು. 1951ರಲ್ಲಿ ಹಾರಿದ, ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ಹಾಗಲ್ಲ. ಅದು ಪೂರ್ತಿ ಲೋಹದ್ದು. ಹೊರಗಿನ ತಗಡೂ ಭಾರ ಹೊರುತ್ತದೆ. ತಗಡು ಹರಿದರೆ ವಿಮಾನದ ಎಲುಬೇ ಮುರಿದಂತೆ.

ಕಾರುಗಳಲ್ಲೂ ಈ ಎರಡು ಜಾತಿಗಳಿವೆ. ಹಳೆಯ ಜೀಪಿಗೆ ಕೆಳಗೆ ಏಣಿಯಂಥ ಚಾಸಿ ಇದೆ, ಬಾಡಿಯನ್ನು ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದೆ. 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಕೂಡ ಆ ಜಾತಿಯದು. ಕೆಳಗೆ ಉಕ್ಕಿನ ಚಾಸಿ, ಮೇಲೆ ಫೈಬರ್ ಬಾಡಿ. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ವಿದ್ಯುತ್ ಕಾರಿನಲ್ಲಿ ಉಕ್ಕಿನ ಕೊಳವೆಗಳ ಪಂಜರಕ್ಕೆ ಪ್ಲಾಸ್ಟಿಕ್ ಹಲಗೆಗಳನ್ನು ತೊಡಿಸಿದ್ದರು. ಇವುಗಳ ಹೊರಮೈ ಒಡೆದರೆ ಅಂದ ಕೆಟ್ಟೀತು, ಗಟ್ಟಿತನ ಕೆಡದು. ಫಿಯೆಟ್ 500 ಹಾಗಿಲ್ಲ. ಪದ್ಮಿನಿಯೂ ಹಾಗಿಲ್ಲ. ಇವಕ್ಕೆ ಬೇರೆ ಚಾಸಿಯೇ ಇಲ್ಲ. ನೆಲದ ತಗಡು, ಬಾಗಿಲಿನ ಕೆಳಗಿನ ಹೊಸ್ತಿಲು, ನಡುವಿನ ಸುರಂಗ, ಮುಂದಿನ ಗೋಡೆ ಎಲ್ಲವೂ ಒಂದಕ್ಕೊಂದು ಬೆಸೆದು ಒಂದು ಪೆಟ್ಟಿಗೆಯಾಗಿ ನಿಲ್ಲುತ್ತವೆ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನಷ್ಟೇ ತೆಗೆದುಕೊಂಡು ತಿರುಚಿ ನೋಡಿ, ಸಲೀಸಾಗಿ ಬಳುಕುತ್ತದೆ. ಅದನ್ನೇ ಹೊರಕವಚದೊಳಗೆ ತೂರಿಸಿ ತಿರುಚಿದರೆ ಮಣಿಯುವುದಿಲ್ಲ. ಕಾಗದ ಆಗಿನಷ್ಟೇ ತೆಳು, ಆದರೆ ಈಗ ಪೆಟ್ಟಿಗೆ ಮುಚ್ಚಿಕೊಂಡಿದೆ. ಹತ್ತು ಸೆಂಟಿಮೀಟರ್ ವ್ಯಾಸದ, ಒಂದು ಮಿಲಿಮೀಟರ್ ದಪ್ಪದ ತಗಡಿನ ಕೊಳವೆಯನ್ನು ಉದ್ದಕ್ಕೆ ಒಂದೇ ಗೆರೆಯಲ್ಲಿ ಸೀಳಿದರೆ ತಿರುಚುವಿಕೆಯನ್ನು ತಡೆಯುವ ಅದರ ಶಕ್ತಿ ಸುಮಾರು 7,500ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲೋಹ ಒಂದು ಗ್ರಾಮೂ ಕಡಿಮೆಯಾಗಿರುವುದಿಲ್ಲ. ಹೊಸ್ತಿಲಿನ ಬೆಸುಗೆಯ ಗೆರೆಯಲ್ಲಿ ತುಕ್ಕು ಮಾಡುವುದು ಸರಿಯಾಗಿ ಇದನ್ನೇ. ಒಳಗೆ ಇಳಿದ ಮಳೆನೀರು ಹೊರಹೋಗಲಾರದೆ ಅಂಚಿನಲ್ಲೇ ಕುಳಿತು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಉಬ್ಬುವ ಹೊತ್ತಿಗೆ ಪೆಟ್ಟಿಗೆ ಬಾಯಿ ಬಿಟ್ಟಿರುತ್ತದೆ. ಫಿಯೆಟ್ 500ರಲ್ಲಿ ಇದು ಇನ್ನೂ ಗಂಭೀರ. ಅದರ ಚಾವಣಿ ಮಡಚಬಹುದಾದ ಕ್ಯಾನ್ವಾಸಿನದು. ಮೊದಲ ಮಾದರಿಗಳಲ್ಲಂತೂ ಬಟ್ಟೆ ಎಂಜಿನ್ ಮುಚ್ಚಳದವರೆಗೂ ಇಳಿದಿತ್ತು. ಮೇಲುಗಡೆ ಪೂರ್ತಿ ಮುಚ್ಚದ ಪೆಟ್ಟಿಗೆಯ ಭಾರವೆಲ್ಲ ಕೆಳಗಿನ ಹೊಸ್ತಿಲು ಮತ್ತು ಸುರಂಗದ ಮೇಲೆಯೇ.

ಇದಕ್ಕೆ ಒಂದು ಆಕ್ಷೇಪ ಸಹಜವಾಗಿ ಬರುತ್ತದೆ: ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಟಿಂಕರಿಂಗ್ ಗೊತ್ತಿರುವ ಮೇಸ್ತ್ರಿಯ ಹತ್ತಿರ ಬಿಟ್ಟರೆ ತುಕ್ಕು ಹಿಡಿದ ಕಡೆ ದಪ್ಪ ಪ್ಲೇಟು ಕೂರಿಸಿ ಮೊದಲಿಗಿಂತ ಗಟ್ಟಿ ಮಾಡಿಕೊಡುವುದಿಲ್ಲವೇ? ಕೈಕೆಲಸದ ಬಗ್ಗೆ ಅನುಮಾನ ಬೇಡ. ಚಪ್ಪಟೆ ತಗಡನ್ನು ಸುತ್ತಿಗೆ ಮತ್ತು ದಿಮ್ಮಿಯ ನಡುವೆ ಇಟ್ಟು ಮಡ್‌ಗಾರ್ಡಿನ ತಿರುವು ತೆಗೆಯಬಲ್ಲ ಕೈಗಳು ಅಮೂಲ್ಯ. ಯಾವ ಅಚ್ಚೂ ಸಿಗದ ಹಳೆಯ ಕಾರಿಗೆ ಅವರಿಲ್ಲದೆ ದಾರಿಯಿಲ್ಲ. ತೊಂದರೆ ಇರುವುದು 'ದಪ್ಪ ಇದ್ದಷ್ಟೂ ಗಟ್ಟಿ' ಎಂಬ ನಂಬಿಕೆಯಲ್ಲಿ. ಒಂದು ಮಿಲಿಮೀಟರಿಗೂ ತೆಳುವಾದ ತಗಡಿಗೆ ಮೂರು ಮಿಲಿಮೀಟರ್ ಪ್ಲೇಟು ಬೆಸೆದರೆ ಪ್ಲೇಟು ಬಾಗುವುದಿಲ್ಲ, ನಿಜ. ಬಾಗಬೇಕಾದದ್ದೆಲ್ಲ ಅದರ ಅಂಚಿನಲ್ಲಿರುವ ತೆಳು ತಗಡಿನ ಪಾಲಿಗೆ ಬರುತ್ತದೆ. ಪ್ರತಿ ಹಂಪಿನಲ್ಲೂ ಅದೇ ಗೆರೆ ಮಡಚಿ ಬಿಚ್ಚಿ ಬಳಲಿ, ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ವಿಮಾನದ ತಗಡಿಗೆ ತೇಪೆ ಹಾಕುವವರು ಮೂಲದಷ್ಟೇ ಅಥವಾ ಅದಕ್ಕಿಂತ ತುಸು ಮಾತ್ರ ದಪ್ಪದ ತಗಡನ್ನು ಬಳಸಿ ಭಾರವನ್ನು ಅಗಲಕ್ಕೆ ಹಂಚುವುದು ಇದೇ ಕಾರಣಕ್ಕೆ. ಗ್ಯಾಸ್ ವೆಲ್ಡಿಂಗಿನ ಬಿಸಿಯೂ ಅಷ್ಟೇ ಮುಖ್ಯ. ಕಾದ ತಗಡು ಹಿಗ್ಗುತ್ತದೆ, ಆರುವಾಗ ಸೆಳೆದುಕೊಳ್ಳುತ್ತದೆ. ಉದ್ದಕ್ಕೆ ಒಂದೇ ಸಮ ಬೆಸೆಯುತ್ತಾ ಹೋದರೆ ಇಡೀ ಹೊಸ್ತಿಲು ಬಿಲ್ಲಿನಂತೆ ಬಾಗುತ್ತದೆ. ಆದ್ದರಿಂದಲೇ ಕತ್ತರಿಸುವ ಮುಂಚೆ ಬಾಗಿಲಿನ ಚೌಕಟ್ಟಿಗೆ ಅಡ್ಡ ಪೈಪುಗಳನ್ನು ತಾತ್ಕಾಲಿಕವಾಗಿ ಬೆಸೆದು ಅಳತೆ ಹಿಡಿದಿಟ್ಟುಕೊಳ್ಳಬೇಕು. ಒಂದು ಪಕ್ಕದ ಹೊಸ್ತಿಲು ಪೂರ್ತಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟಬಾರದು. ಬೆಸುಗೆಯನ್ನು ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಇಡುತ್ತಾ, ಆರಲು ಬಿಡುತ್ತಾ ಸಾಗಬೇಕು. ಈ ತಾಳ್ಮೆಗೆ ಕೊಡುವ ಕೂಲಿ ಎಂಜಿನ್ನಿಗೆ ಸುರಿಯುವ ಹಣಕ್ಕಿಂತ ಎಷ್ಟೋ ಸಾರ್ಥಕ.

ಇನ್ನು ಎಂಜಿನ್. ಮಾರ್ಪಾಡಿನ ಆಸೆ ಅತಿ ಹೆಚ್ಚು ಇರುವುದು ಇಲ್ಲೇ. ಫಿಯೆಟ್ ಕಂಪನಿಯ ಲೆಕ್ಕವೇ ಒಂದು ಪಾಠ ಹೇಳುತ್ತದೆ. 13 ಅಶ್ವಶಕ್ತಿಯ ಮೊದಲ ಮಾದರಿಯ ಗರಿಷ್ಠ ವೇಗ ಗಂಟೆಗೆ 85 ಕಿಲೋಮೀಟರ್. 1960ರಲ್ಲಿ ಬಂದ 500 ಡಿ ಮಾದರಿಗೆ ಸುಮಾರು 18 ಅಶ್ವಶಕ್ತಿ, ವೇಗ 95. ಶಕ್ತಿ ಶೇ. 38ರಷ್ಟು ಹೆಚ್ಚಿದರೂ ವೇಗ ಹೆಚ್ಚಿದ್ದು ಶೇ. 12 ಮಾತ್ರ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ ಎಂಬ ನಿಯಮದೊಂದಿಗೆ ಇದು ಚೆನ್ನಾಗಿ ತಾಳೆಯಾಗುತ್ತದೆ. ಇದೇ ಒರಟು ಲೆಕ್ಕದಲ್ಲಿ ಶಕ್ತಿಯನ್ನು 36 ಅಶ್ವಶಕ್ತಿಗೆ ಇಮ್ಮಡಿಸಿದರೆ ಸಿಗುವ ವೇಗ 120ರ ಆಸುಪಾಸು, ಅಂದರೆ 25 ಕಿಲೋಮೀಟರ್ ಲಾಭ. ಬ್ರೇಕು ನುಂಗಬೇಕಾದ ಚಲನಶಕ್ತಿ ಮಾತ್ರ ವೇಗದ ವರ್ಗದಂತೆ ಏರುವುದರಿಂದ ಅದು ಶೇ. 60ರಷ್ಟು ಹೆಚ್ಚುತ್ತದೆ. ಹನ್ನೆರಡು ಇಂಚಿನ ಚಕ್ರದೊಳಗೆ ಅಡಗಿದ ಪುಟ್ಟ ಡ್ರಮ್ ಬ್ರೇಕುಗಳಿಗೆ ಅದು ದೊಡ್ಡ ಮಾತು. ವೇಗ ಬೇಡ, ಸಿಗ್ನಲ್ ಬಿಟ್ಟಾಗ ಪಿಕಪ್ ಬೇಕು ಎನ್ನುವವರಿಗೂ ಉತ್ತರ ತೂಕದಲ್ಲೇ ಇದೆ. ಐದು ಕ್ವಿಂಟಾಲ್ ಕಾರಿಗೆ ಪುಟ್ಟಿ, ಡಾಂಬರು, ದಪ್ಪ ಪ್ಲೇಟು, ದೊಡ್ಡ ಸ್ಪೀಕರು ಎಂದು 50 ಕಿಲೊ ಏರಿಸಿದರೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಪಿಕಪ್ ಹೋಯಿತು. ಫಿಯೆಟ್ 126ರ 652 ಸಿಸಿ, 24 ಅಶ್ವಶಕ್ತಿಯ ಎಂಜಿನ್ ಕೂರಿಸುವುದು ಯೂರೋಪಿನಲ್ಲಿ ರೂಢಿ. ಅದು ಇದೇ ವಂಶದ ಎಂಜಿನ್, ತೂಕವೂ ಅಳತೆಯೂ ಹೊಂದುತ್ತವೆ. ಮಾರ್ಪಾಡಿಗೆ ಒಂದು ಎಲ್ಲೆ ಬೇಕೆಂದರೆ ನಾನು ಅಲ್ಲಿಗೇ ಗೆರೆ ಎಳೆಯುತ್ತೇನೆ.

ಬೆಂಗಳೂರಿನಲ್ಲಿ ಓಡುವ ಕಾರಿಗೆ ಇನ್ನೊಂದು ಲೆಕ್ಕವೂ ಇದೆ. ಇದು ಇಟಲಿಯ ಕೈಪಿಡಿಯಲ್ಲಿ ಸಿಗುವಂಥದ್ದಲ್ಲ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿ ಸುಮಾರು ಶೇ. 9ರಷ್ಟು ತೆಳು. ಹೀಗಾಗಿ ಟ್ಯೂರಿನ್ನಿನ 13 ಅಶ್ವಶಕ್ತಿ ಇಲ್ಲಿ ಹನ್ನೆರಡಕ್ಕೆ ಇಳಿಯುತ್ತದೆ. ಕಾರ್ಬುರೇಟರ್ ಗಾಳಿಯ ತೂಕವನ್ನು ಅಳೆಯಲಾರದು. ತೆಳು ಗಾಳಿಗೆ ಅದು ನಾಲ್ಕೈದು ಶೇಕಡ ಹೆಚ್ಚು ಪೆಟ್ರೋಲ್ ಬೆರೆಸಿಬಿಡುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಇದಕ್ಕೆಂದೇ ಪೆಟ್ರೋಲ್ ಹಾಯುವ ರಂಧ್ರ ಕಿರಿದಾಗಿರುವ ಚಿಕ್ಕ ಜೆಟ್ ಹಾಕುತ್ತಿದ್ದರು. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಒಂದು ಕಿಲೊ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೊ ಗಾಳಿ ಬೇಕು, ಎಥೆನಾಲಿಗೆ ಒಂಬತ್ತೇ ಕಿಲೊ ಸಾಕು. ಮಿಶ್ರಣಕ್ಕೆ ಹದಿಮೂರೂವರೆಯ ಹತ್ತಿರ. ಅಂದರೆ ಹಳೆಯ ಜೆಟ್ಟು ಈ ಇಂಧನಕ್ಕೆ ಸುಮಾರು ಶೇ. 8ರಷ್ಟು ಕಡಿಮೆ ಹರಿಸುತ್ತದೆ. ಎತ್ತರದ ತಪ್ಪು ಒಂದು ಕಡೆಗೆ, ಎಥೆನಾಲಿನ ತಪ್ಪು ಇನ್ನೊಂದು ಕಡೆಗೆ ಎಳೆದು, ಕೊನೆಗೆ ಮಿಶ್ರಣ ಮೂರ್ನಾಲ್ಕು ಶೇಕಡ ಬಡವಾಗಿ ಉಳಿಯುತ್ತದೆ. ಆದ್ದರಿಂದ ಚಿಕ್ಕ ಜೆಟ್ ಹಾಕುವ ಹಳೆಯ ಬುದ್ಧಿವಾದ ಈಗ ಅಪಾಯಕಾರಿ: ಬಡ ಮಿಶ್ರಣ ಬಿಸಿಯಾಗಿ ಉರಿಯುತ್ತದೆ, ತಂಪು ಮಾಡಲು ಈ ಎಂಜಿನ್ನಿಗೆ ನೀರಿಲ್ಲ. ಬೆಲ್ಟಿನಿಂದ ತಿರುಗುವ ಫ್ಯಾನು ಎಂಜಿನ್ ಓಡಿದಷ್ಟೇ ಓಡುವುದು. ಟಿನ್ ಫ್ಯಾಕ್ಟರಿ ಜಂಕ್ಷನ್ ಬಳಿ ವಾಹನಗಳು ತೆವಳುವಾಗ ಅದೂ ಮಂದವಾಗುತ್ತದೆ. ಆಗ ಎಂಜಿನ್ನನ್ನು ಕಾಪಾಡುವುದು ಸಿಲಿಂಡರಿನ ಸುತ್ತ ಗಾಳಿಯನ್ನು ಹಿಡಿದು ಅದರ ಲೋಹದ ಫಿನ್‌ಗಳ ಮೇಲೆ ಹಾಯಿಸುವ ತಗಡಿನ ಹೊದಿಕೆ. ಎಂಜಿನ್ ಬಿಚ್ಚಿ ಕಟ್ಟುವಾಗ 'ಇದೇನು ಬರೀ ತಗಡು' ಎಂದು ಪಕ್ಕಕ್ಕೆ ಸರಿಸುವ ಭಾಗ ಅದು. ಅದರಲ್ಲೊಂದು ತೂತು ಬಿದ್ದಿದ್ದರೂ ಒಂದು ಸಿಲಿಂಡರು ಇನ್ನೊಂದಕ್ಕಿಂತ ಹೆಚ್ಚು ಕಾಯುತ್ತದೆ. ಪೆಟ್ರೋಲ್ ಪೈಪು, ಡಯಾಫ್ರಮ್, ಸೀಲುಗಳ ಹಳೆಯ ರಬ್ಬರನ್ನು ಎಥೆನಾಲ್ ತಾಳುವ ರಬ್ಬರಿಗೆ ಬದಲಿಸುವುದಂತೂ ಕಡ್ಡಾಯ.

ಮಾರ್ಪಾಡೇ ಬೇಡ, ಕಾರ್ಖಾನೆಯಿಂದ ಹೊರಬಂದ ದಿನದಂತೆಯೇ ಇರಲಿ ಎನ್ನುವವರಿದ್ದಾರೆ. ಅವರ ನಿಷ್ಠೆಗೆ ಗೌರವವಿದೆ. ಆದರೆ ಯಾವ ದಿನ? ಮೊದಲ ಮಾದರಿಗಳ ಬಾಗಿಲಿನ ಕೀಲು ಹಿಂದುಗಡೆ ಇತ್ತು. ಓಡುವಾಗ ಚಿಲಕ ಬಿಟ್ಟರೆ ಗಾಳಿ ಬಾಗಿಲನ್ನು ಕಿತ್ತು ತೆರೆಯುತ್ತಿತ್ತು. 1965ರಲ್ಲಿ ಕಂಪನಿಯೇ ಕೀಲನ್ನು ಮುಂದಕ್ಕೆ ತಂದಿತು. ಹದಿನೆಂಟು ವರ್ಷಗಳಲ್ಲಿ ಎಂಜಿನ್ನು, ಚಾವಣಿ, ಬಾಗಿಲು ಎಲ್ಲ ಬದಲಾದ ಕಾರಿಗೆ ಸೀಟ್ ಬೆಲ್ಟ್, ಒಳ್ಳೆಯ ರೇಡಿಯಲ್ ಟೈರು, ಬ್ರೇಕಿಗೆ ಎರಡು ಪ್ರತ್ಯೇಕ ಎಣ್ಣೆ ಹಾದಿಗಳನ್ನು ಕೊಟ್ಟರೆ ಅದರ ಸ್ವಭಾವಕ್ಕೆ ಧಕ್ಕೆಯಾಗದು. ಸೀಟ್ ಬೆಲ್ಟನ್ನು ಕೂಡ ಗಟ್ಟಿ ತಗಡಿಗೇ ಬಿಗಿಯಬೇಕು ಎಂಬುದನ್ನು ಮರೆಯದಿದ್ದರಾಯಿತು.

ವಿದ್ಯುತ್ತಿಗೆ ಬದಲಿಸಬಹುದೇ ಎಂಬ ಪ್ರಶ್ನೆ ರೇವಾ ಹುಟ್ಟಿದ ಊರಿನಲ್ಲಿ ಏಳದೆ ಇರುವುದಿಲ್ಲ. ರೇವಾದ ಎಂಟು ಲೆಡ್ ಆಸಿಡ್ ಬ್ಯಾಟರಿಗಳು ಸೇರಿ 48 ವೋಲ್ಟ್, 200 ಆಂಪಿಯರ್ ಗಂಟೆ, ಅಂದರೆ 9.6 ಯೂನಿಟ್. ಕಿಲೊಗೆ 35 ವಾಟ್ ಗಂಟೆಯ ಲೆಕ್ಕದಲ್ಲಿ ಅಷ್ಟು ಬ್ಯಾಟರಿಯ ತೂಕ ಮುಕ್ಕಾಲು ಪಾಲು ಟನ್ನಿನ ಕಾರಿನಲ್ಲಿ 270 ಕಿಲೊ ದಾಟುತ್ತದೆ. ಫಿಯೆಟ್ 500ರ ನೆಲ ಅದನ್ನು ಹೊರಲಾರದು. ಅಷ್ಟೇ ಯೂನಿಟ್ಟಿನ ಈಗಿನ ಲಿಥಿಯಂ ಬ್ಯಾಟರಿ ಸುಮಾರು 80 ಕಿಲೊಗೆ ಸಿಗುತ್ತದೆ. ಎಂಜಿನ್ನು, ಟ್ಯಾಂಕು, ಸೈಲೆನ್ಸರು ತೆಗೆದ ಜಾಗಕ್ಕೆ ಮೋಟಾರ್ ಸಮೇತ ಅದು ಹೊಂದಬಲ್ಲದು. ಹೀಗೆ ತೂಕದ ಪರೀಕ್ಷೆಯಲ್ಲಿ ವಿದ್ಯುತ್ ಪಾಸಾಗುತ್ತದೆ. ಆದರೂ ಮೂಲ ಎಂಜಿನ್ ಬದುಕಿರುವ ಕಾರಿಗೆ ಇದನ್ನು ಮಾಡಬಾರದೆಂಬುದು ನನ್ನ ನಿಲುವು. ಕಾನೂನೂ ಆ ಕಡೆಗೇ ವಾಲುತ್ತದೆ. 2021ರ ವಿಂಟೇಜ್ ವಾಹನ ನಿಯಮಗಳು ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಕಾಣದ ಕಾರಿಗಷ್ಟೇ ಆ ಗುರುತು ಕೊಡುತ್ತವೆ. ವಿದ್ಯುತ್ ಕಿಟ್ಟಿಗೆ ಪ್ರತ್ಯೇಕ ಅನುಮೋದನೆ ಬೇಕು, ಆರ್‌ಸಿಯಲ್ಲಿ ಅದು ದಾಖಲಾಗಬೇಕು. ಎಂಜಿನ್ ಕಳೆದುಕೊಂಡು ಗುಜರಿಯ ಮೂಲೆಯಲ್ಲಿ ಬಾಡಿಯೊಂದೇ ಉಳಿದಿದ್ದರೆ ಮಾತು ಬೇರೆ. ಅದಕ್ಕೆ ಮೋಟಾರ್ ಕೊಡುವುದು ಜೀವ ಕೊಟ್ಟಂತೆಯೇ.

ಯಾವ ದಾರಿ ಹಿಡಿದರೂ ಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆ ಒಂದೇ, ಅದು ಫಿಯೆಟ್ 500ಕ್ಕೂ ಪದ್ಮಿನಿಗೂ ಸಲ್ಲುತ್ತದೆ. ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ, ಎಲ್ಲ ಬಾಗಿಲುಗಳ ಸುತ್ತಲ ಸಂದಿಯನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ಅಳೆದು ಬರೆದುಕೊಳ್ಳಿ. ಹಿಂದಿನ ಒಂದು ಚಕ್ರದ ಹತ್ತಿರ ಗಟ್ಟಿ ಜಾಗ ನೋಡಿ ಜಾಕಿ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ, ಮತ್ತೆ ಅಳೆಯಿರಿ. ಪೆಟ್ಟಿಗೆ ಗಟ್ಟಿಯಿದ್ದರೆ ಅಂಕಿ ಹೆಚ್ಚು ಕದಲುವುದಿಲ್ಲ, ಬಾಗಿಲು ಮೊದಲಿನಂತೆಯೇ ಮುಚ್ಚುತ್ತದೆ. ಹೊಸ್ತಿಲು ಸೋತಿದ್ದರೆ ಮೇಲಿನ ಸಂದಿ ಒಂದು ಕಡೆ ಕಿರಿದಾಗಿ, ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ. ಆ ಕಾರಿನ ಮೊದಲ ವರ್ಷದ ದುಡ್ಡೆಲ್ಲ ತಗಡಿಗೇ ಮೀಸಲು.